ಬೀರುವಿನ ಕೀ ಬೆಳಿಗ್ಗೆ ಬರುತ್ತದೆ

ಕ್ಯಾಶುವಾಲ್ಟಿಯಲ್ಲಿ ನೈಟ್ ಡ್ಯೂಟಿ ಮಾಡಿದವರಿಗೆ ಗೊತ್ತು, ಹೊಟ್ಟೆ ನೋವು ಅನ್ನೋದು ಕಾಯಿಲೆಯ ಹೆಸರಲ್ಲ. ಅದರೊಳಗೆ ಏನು ಬೇಕಾದರೂ ಇರಬಹುದು. ಅಪೆಂಡಿಕ್ಸ್ ಇರಬಹುದು, ಕಿಡ್ನಿ ಕಲ್ಲು ಇರಬಹುದು, ಸಂಜೆ ತಿಂದ ಗೋಬಿ ಮಂಚೂರಿಯೂ ಇರಬಹುದು. ಆದರೆ ಹದಿನೆಂಟರ ಆಸುಪಾಸಿನ ಹುಡುಗಿಯೊಬ್ಬಳು ರಾತ್ರಿ ಒಂದೂವರೆಗೆ ಅಮ್ಮನ ಜೊತೆ ಬಂದು ಹೊಟ್ಟೆ ನೋವು ಅಂದರೆ ಡ್ಯೂಟಿ ಡಾಕ್ಟರ್ ನನ್ನ ಮುಖ ನೋಡುತ್ತಾರೆ, ನಾನು ಯುಪಿಟಿ ಕಾರ್ಡ್ ಇಟ್ಟಿರುವ ಡ್ರಾಯರ್ ಎಳೆಯುತ್ತೇನೆ. ಮಾತಿಲ್ಲ. ಹನ್ನೊಂದು ವರ್ಷದಿಂದ ಹೀಗೇ ನಡೆದಿದೆ.

ನಾನು ಸ್ಟಾಫ್ ನರ್ಸ್. ಈಗ ಶುಶ್ರೂಷಾಧಿಕಾರಿ ಅಂತ ಹೆಸರು ಬದಲಾಗಿದೆ, ಪೇಷಂಟ್ ಕಡೆಯವರಿಗೆ ಮಾತ್ರ ಇವತ್ತಿಗೂ ಸಿಸ್ಟರ್. ಮಧ್ಯ ಕರ್ನಾಟಕದ ಒಂದು ಸರ್ಕಾರಿ ಆಸ್ಪತ್ರೆ. ಊರಿನ ಹೆಸರು ಬೇಡ, ಅಲ್ಲಿ ನನ್ನ ಜೊತೆ ಕೆಲಸ ಮಾಡಿದವರು ಕೆಟ್ಟವರಲ್ಲ.

ಯುಪಿಟಿ ಅಂದರೆ ಗರ್ಭ ನಿಂತಿದೆಯಾ ಅಂತ ಮೂತ್ರದಲ್ಲಿ ನೋಡುವ ಪರೀಕ್ಷೆ. ಎರಡು ಮೂರು ಹನಿ ಹಾಕಿ ಐದು ನಿಮಿಷ ಕಾಯಬೇಕು. ಎರಡು ಗೆರೆ ಬಂತೋ, ಇಡೀ ಕ್ಯಾಶುವಾಲ್ಟಿ ಎದ್ದು ನಿಲ್ಲುತ್ತದೆ. ಹೆರಿಗೆ ವಾರ್ಡಿಗೆ ಫೋನು, ಸ್ಕ್ಯಾನಿಂಗಿಗೆ ಚೀಟಿ, ವಯಸ್ಸು ಎಷ್ಟು, ಎಂಎಲ್‌ಸಿ ಅಂದರೆ ಕಾನೂನು ಪ್ರಕರಣ ಆಗುತ್ತಾ, ಪೊಲೀಸರಿಗೆ ತಿಳಿಸಬೇಕಾ, ಅಮ್ಮನ ಅಳು. ಒಂದೇ ಗೆರೆ ಬಂದರೆ ಎಲ್ಲರಿಗೂ ನಿರಾಳ. "ಗ್ಯಾಸ್ಟ್ರಿಕ್ ಇರಬೇಕು ಸಿಸ್ಟರ್, ಒಂದು ಪ್ಯಾಂಟಾಪ್ ಕೊಡಿ" ಅಂತ ಡಾಕ್ಟರ್ ಮುಂದಿನ ಬೆಡ್ಡಿಗೆ ಹೋಗುತ್ತಾರೆ. ಅಲ್ಲಿ ಬೈಕಿನಿಂದ ಬಿದ್ದವನೊಬ್ಬ ರಕ್ತ ಸುರಿಸಿಕೊಂಡು ಕಾಯುತ್ತಿರುತ್ತಾನೆ.

ಆ ಹೊತ್ತಿನಲ್ಲಿ ಹುಡುಗಿಯ ಮುಖ ಯಾರೂ ನೋಡುವುದಿಲ್ಲ. ನಾನು ನೋಡಿದ್ದೇನೆ. ಹೆದರಿಕೆ ಇಲ್ಲದವಳು ಕಾರ್ಡಿನ ಕಡೆ ತಿರುಗಿಯೂ ನೋಡುವುದಿಲ್ಲ, ಅವಳಿಗೆ ಹೊಟ್ಟೆ ನೋವು ಹೋದರೆ ಸಾಕು. ಹೆದರಿಕೊಂಡು ಬಂದವಳ ಕಣ್ಣು ಮಾತ್ರ ನನ್ನ ಕೈ ಬಿಟ್ಟು ಕದಲುವುದಿಲ್ಲ. "ಏನೂ ಇಲ್ಲ" ಅಂದ ಕೂಡಲೇ ಅವಳ ಭುಜ ಕೆಳಗಿಳಿಯುತ್ತದೆ. ಎಷ್ಟೋ ಸಲ ಹೊಟ್ಟೆ ನೋವೂ ಅಲ್ಲಿಗೇ ನಿಲ್ಲುತ್ತದೆ, ಇಂಜೆಕ್ಷನ್ ಚುಚ್ಚುವ ಮುಂಚೆಯೇ.

ಆಸ್ಪತ್ರೆಯ ಲೆಕ್ಕದಲ್ಲಿ ಅಲ್ಲಿಗೆ ಕೆಲಸ ಮುಗಿಯಿತು. ನನ್ನ ತಕರಾರು ಅದೇ. ಇಡೀ ತಿಂಗಳು ಒಬ್ಬಳೇ ನುಂಗಿಕೊಂಡಿದ್ದ ಭಯ ಈಗಷ್ಟೇ ಇಳಿದಿದೆ, ಎದುರಿಗೆ ಯೂನಿಫಾರ್ಮ್ ಹಾಕಿದ ಹೆಂಗಸೊಬ್ಬಳಿದ್ದಾಳೆ, ಕೇಳಿದರೆ ಹೇಳುವಷ್ಟು ಅವಳಿಗೆ ಗೊತ್ತೂ ಇದೆ. ಇಂಥ ಗಳಿಗೆ ಅವಳಿಗೆ ಮತ್ತೆ ಸಿಗುವುದು ಎರಡು ಗೆರೆ ಬಂದ ದಿನ. ನಾವು ಏನು ಮಾಡುತ್ತೇವೆ? ಕಾರ್ಡನ್ನು ಹಳದಿ ಬಕೆಟ್ಟಿಗೆ ಹಾಕಿ ಮನೆಗೆ ಕಳಿಸುತ್ತೇವೆ.

ನಾನೂ ಹಾಗೇ ಕಳಿಸಿದ್ದೇನೆ. ಒಂದು ರಾತ್ರಿಯದ್ದು ಹೇಳುತ್ತೇನೆ.

ಹುಡುಗಿಗೆ 19. ಪಿಜಿಯಲ್ಲಿದ್ದಳು, ಗಾರ್ಮೆಂಟ್ಸ್ ಕೆಲಸ. ಜೊತೆಗೆ ಬಂದಿದ್ದು ರೂಮ್‌ಮೇಟ್, ಅವಳಿಗಿಂತ ಒಂದೆರಡು ವರ್ಷ ದೊಡ್ಡವಳಿರಬೇಕು. ಜೋರು ಬ್ಲೀಡಿಂಗ್. "ಡೇಟು ಜಾಸ್ತಿ ಆಗಿದೆ" ಅಂದರು. ನಾಡಿ ನೋಡಿ, ಬಿಪಿ ನೋಡಿ ಡ್ರಿಪ್ ಹಾಕುತ್ತಾ ಕೇಳಿದೆ, ಏನಾದರೂ ಮಾತ್ರೆ ತಗೊಂಡಿದ್ದೀಯಾಮ್ಮಾ ಅಂತ. ರೂಮ್‌ಮೇಟ್ ಬ್ಯಾಗಿನಿಂದ ಖಾಲಿ ಸ್ಟ್ರಿಪ್ ತೆಗೆದು ತೋರಿಸಿದಳು. ಮೆಡಿಕಲ್ ಸ್ಟೋರಿನವರು "ಕಿಟ್" ಅಂತ ಕರೆಯುತ್ತಾರಲ್ಲ, ಗರ್ಭ ತೆಗೆಯುವ ಮಾತ್ರೆ, ಅದು. ಮೊದಲು ಒಂದು ಮಾತ್ರೆ, ಆಮೇಲೆ ನಾಲ್ಕು. ಡಾಕ್ಟರ್ ಚೀಟಿ ಇಲ್ಲದೆ ಕೊಡುವ ಹಾಗಿಲ್ಲ. ಆದರೆ ಕೊಡುತ್ತಾರೆ, ಎಷ್ಟು ವಾರ ಆಗಿದೆ ಅಂತಲೂ ಕೇಳದೆ ಕೊಡುತ್ತಾರೆ.

ಅವತ್ತು ಚಿಕಿತ್ಸೆಯಲ್ಲಿ ಏನೂ ಕೊರತೆಯಾಗಲಿಲ್ಲ. ಮೇಡಂ ಹೆರಿಗೆ ವಾರ್ಡಿನಿಂದ ಇಳಿದು ಬಂದರು, ಉಳಿದದ್ದನ್ನು ಕ್ಲೀನ್ ಮಾಡಿದರು, ರಕ್ತ ಕೊಡಬೇಕಾಗಿ ಬರಲಿಲ್ಲ. ನಾಲ್ಕು ಗಂಟೆಗೆ ಅವಳಿಗೆ ಒಂದು ಲೋಟ ಟೀ ತರಿಸಿ ಕೊಟ್ಟೆ. ಟೀ ಹಿಡಿದುಕೊಂಡು, ಬಹಳ ಹೊತ್ತು ಸುಮ್ಮನಿದ್ದು, ಅವಳು ಕೇಳಿದಳು.

"ಅಕ್ಕಾ, ಮತ್ತೆ ಹೀಗಾಗದ ಹಾಗೆ ಏನ್ ಮಾಡ್ಬೇಕು?"

ಇದಕ್ಕಿಂತ ನೇರವಾದ ಪ್ರಶ್ನೆ ಇರಲು ಸಾಧ್ಯವಾ? ನಾನು ಏನಂದೆ ಗೊತ್ತಾ? "ಬೆಳಿಗ್ಗೆ ಹತ್ತು ಗಂಟೆಗೆ ಓಪಿಡಿಗೆ ಬಾ, ಅಲ್ಲಿ ಕೌನ್ಸೆಲರ್ ಮೇಡಂ ಇರ್ತಾರೆ, ಎಲ್ಲ ಹೇಳ್ತಾರೆ."

ಆರೂವರೆಗೆ ಕೈಯಿಂದ ಸೂಜಿ ತೆಗೆಸಿಕೊಂಡು ಇಬ್ಬರೂ ಹೊರಟರು. ಎಂಟಕ್ಕೆ ಫ್ಯಾಕ್ಟರಿ ಬಸ್ಸು. ರಜೆ ಹಾಕಿದರೆ ಸಂಬಳ ಕಟ್. ಡಾಕ್ಟರ್ ಒಂದು ದಿನ ಇರು ಅಂದರೂ ಕೇಳಲಿಲ್ಲ, ಪೇಪರ್ ಮೇಲೆ ಸೈನ್ ಹಾಕಿ ಹೋದಳು. ಹತ್ತು ಗಂಟೆಗೆ ಅವಳು ಬರುವುದಿಲ್ಲ ಅಂತ ನನಗೆ ಹೇಳುವಾಗಲೇ ಗೊತ್ತಿತ್ತು.

ಗರ್ಭ ಹೋದ ಮೇಲೆ ಎರಡು ವಾರದೊಳಗೇ ಮತ್ತೆ ಅಂಡ ಬಿಡುಗಡೆಯಾಗಬಹುದು, ಕೆಲವರಿಗೆ ಇನ್ನೂ ಬೇಗ. ಮುಂದಿನ ಮುಟ್ಟು ಬಂದ ಮೇಲೆ ನೋಡಿಕೊಳ್ಳೋಣ ಅಂದರೆ ಆಗಲೇ ತಡವಾಗಿರುತ್ತದೆ. ಗರ್ಭ ನಿಲ್ಲದಂತೆ ತಡೆಯುವ ಮಾತ್ರೆ ಶುರು ಮಾಡುವುದಿದ್ದರೆ ಅವತ್ತೇ ಮಾಡಬಹುದಿತ್ತು. ನರ್ಸಿಂಗ್ ಓದುವಾಗ ಇದನ್ನು ಪರೀಕ್ಷೆಯಲ್ಲಿ ಬರೆದು ಮಾರ್ಕ್ಸ್ ತೆಗೆದುಕೊಂಡವಳು ನಾನು.

ಹಾಗಾದರೆ ಯಾಕೆ ಕೊಡಲಿಲ್ಲ? ಉತ್ತರ ತೀರಾ ಸಣ್ಣದು. ಮಾತ್ರೆ ಬೀರುವಿನಲ್ಲಿತ್ತು. ಬೀರು ಕುಟುಂಬ ಕಲ್ಯಾಣ ವಿಭಾಗದ ಕೋಣೆಯಲ್ಲಿತ್ತು. ಕೋಣೆಯ ಕೀ ಆಪ್ತ ಸಮಾಲೋಚಕಿಯ ಪರ್ಸಿನಲ್ಲಿತ್ತು, ಪರ್ಸು ಅವರ ಮನೆಯಲ್ಲಿತ್ತು. ಕೀ ಬೆಳಿಗ್ಗೆ ಬರುತ್ತದೆ. ನಮ್ಮ ಹುಡುಗಿಯರು ರಾತ್ರಿ ಬರುತ್ತಾರೆ.

ಆ ಬೀರುವಿನೊಳಗೆ ಏನೇನಿದೆ ಅಂತ ಒಂದು ದಿನ ಹಗಲು ಡ್ಯೂಟಿ ಇದ್ದಾಗ ಹೋಗಿ ನೋಡಿದೆ. ಚಿನ್ನವೇನೂ ಇರಲಿಲ್ಲ. ನಿರೋಧ್, 1968ರಿಂದ ಸರ್ಕಾರ ಹಂಚುತ್ತಿರುವ ಅದೇ ನಿರೋಧ್. ಮಾಲಾ-ಎನ್ ಸ್ಟ್ರಿಪ್‌ಗಳು, ಒಂದರಲ್ಲಿ 28 ಮಾತ್ರೆ, ಅದರಲ್ಲಿ 21 ಹಾರ್ಮೋನಿನವು, ಉಳಿದ 7 ಕಬ್ಬಿಣಾಂಶದವು. ಛಾಯಾ ಮಾತ್ರೆ, ಮೊದಲ ಮೂರು ತಿಂಗಳು ವಾರಕ್ಕೆ ಎರಡು, ಆಮೇಲೆ ವಾರಕ್ಕೆ ಒಂದೇ. ಮೂರು ತಿಂಗಳಿಗೊಮ್ಮೆ ಹಾಕುವ ಅಂತರಾ ಇಂಜೆಕ್ಷನ್. ಕಾಪರ್-ಟಿ. ಮತ್ತೆ ಮೂಲೆಯಲ್ಲಿ, ಸ್ವಲ್ಪ ಧೂಳು ಹಿಡಿದು, ತುರ್ತು ಮಾತ್ರೆ. ಎಲ್ಲಾ ಪುಕ್ಕಟೆ. ತುರ್ತು ಮಾತ್ರೆಯನ್ನು ರಾತ್ರಿ ಬೀಗ ಹಾಕಿ ಇಡುವ ಆಸ್ಪತ್ರೆ ನಮ್ಮದು, ಹೆಸರಲ್ಲೇ ತುರ್ತು ಅಂತ ಇದೆಯಲ್ಲಾ ಸ್ವಾಮಿ!

ಈ ತುರ್ತು ಮಾತ್ರೆ ಬಗ್ಗೆ ಒಂದು ನಿಮಿಷ ನಿಲ್ಲುತ್ತೇನೆ, ಯಾಕಂದರೆ ನನ್ನ ಜೊತೆ ಕೆಲಸ ಮಾಡುವವರಲ್ಲೇ ಅರ್ಧ ಜನಕ್ಕೆ ಇದರ ಬಗ್ಗೆ ಗೊಂದಲ. ಇದು ಗರ್ಭ ತೆಗೆಯುವ ಮಾತ್ರೆ ಅಲ್ಲ. ಕಿಟ್ ಬೇರೆ, ಇದು ಬೇರೆ. ಇದರಲ್ಲಿರುವುದು 1.5 ಮಿಲಿಗ್ರಾಂ ಲೆವೊನಾರ್ಜೆಸ್ಟ್ರೆಲ್. ಅಂಡ ಬಿಡುಗಡೆಯಾಗುವುದನ್ನು ಅದು ಮುಂದೂಡುತ್ತದೆ, ಅಷ್ಟೇ. ಗರ್ಭ ಆಗಲೇ ನಿಂತಿದ್ದರೆ ಇದರಿಂದ ಏನೂ ಆಗುವುದಿಲ್ಲ, ಮಗುವಿಗೆ ತೊಂದರೆಯೂ ಇಲ್ಲ. ಯಾವ ರಕ್ಷಣೆಯೂ ಇಲ್ಲದೆ ಲೈಂಗಿಕ ಸಂಪರ್ಕ ಆದ ಮೇಲೆ 72 ಗಂಟೆಯೊಳಗೆ ತೆಗೆದುಕೊಳ್ಳಬೇಕು, ಎಷ್ಟು ಬೇಗ ತೆಗೆದುಕೊಂಡರೆ ಅಷ್ಟು ಒಳ್ಳೆಯದು. ಮೂರು ವಾರದೊಳಗೆ ಮುಟ್ಟಾಗದಿದ್ದರೆ ಕಾರ್ಡ್ ಹಾಕಿ ನೋಡಬೇಕು. ಮತ್ತೆ ಇದು ಒಂದು ಸಲದ ಎಡವಟ್ಟಿಗೆ ಮಾತ್ರ, ಮುಂದಿನ ವಾರಕ್ಕೆ ಇದು ಕಾವಲಲ್ಲ. 72 ಗಂಟೆ ದಾಟಿದ್ದರೂ ಐದು ದಿನದೊಳಗೆ ಕಾಪರ್-ಟಿ ಹಾಕಿಸಿಕೊಳ್ಳಬಹುದು ಅನ್ನೋದು ಇನ್ನೂ ಕಡಿಮೆ ಜನಕ್ಕೆ ಗೊತ್ತು.

ಮೆಡಿಕಲ್ ಸ್ಟೋರಿನಲ್ಲಿ ಚೀಟಿ ಇಲ್ಲದೆಯೇ ಸಿಗುತ್ತದಲ್ಲಾ, ಆಸ್ಪತ್ರೆ ಯಾಕೆ ಅಂತ ಕೇಳಬಹುದು. ನಮ್ಮಂಥ ಊರಲ್ಲಿ ಸ್ಟೋರಿನ ಹುಡುಗ ಅವಳ ಅಣ್ಣನ ಕ್ಲಾಸ್‌ಮೇಟ್ ಆಗಿರುತ್ತಾನೆ. ಹಳ್ಳಿಗೆ ಹೋದರೆ ಆಶಾ ಕಾರ್ಯಕರ್ತೆ ಇದ್ದಾರೆ, ತುರ್ತು ಮಾತ್ರೆ ಅವರ ಚೀಲದಲ್ಲೂ ಇರುತ್ತದೆ, 2011ರಲ್ಲಿ ಮನೆ ಬಾಗಿಲಿಗೆ ತಲುಪಿಸುವ ಯೋಜನೆ ಬಂದಾಗ ಅದಕ್ಕೆ ಇಟ್ಟ ದರ 2 ರೂಪಾಯಿ. ಆದರೆ ಆಶಾ ಅಕ್ಕ ಅಂದರೆ ಅಮ್ಮನ ಗೆಳತಿ, ಸ್ವಸಹಾಯ ಸಂಘದಲ್ಲಿ ಅಮ್ಮನ ಪಕ್ಕದಲ್ಲೇ ಕೂರುವವರು. ಮದುವೆಯಾಗದ ಹುಡುಗಿ ಅವರ ಹತ್ತಿರ ಹೋಗಿ ಕೈ ಚಾಚುವುದುಂಟೇ?

ಇದನ್ನೆಲ್ಲ ಯೋಚಿಸಿಯೇ ಸರ್ಕಾರ ಸ್ನೇಹ ಕ್ಲಿನಿಕ್ ಮಾಡಿದ್ದು. 2014ರ ಜನವರಿಯಲ್ಲಿ ರಾಷ್ಟ್ರೀಯ ಕಿಶೋರ ಸ್ವಾಸ್ಥ್ಯ ಕಾರ್ಯಕ್ರಮ ಶುರುವಾಯಿತು, 10ರಿಂದ 19 ವರ್ಷದವರಿಗೆ. ಅದರ ಹದಿಹರೆಯದ ಕ್ಲಿನಿಕ್‌ಗಳಿಗೆ ನಮ್ಮ ರಾಜ್ಯದಲ್ಲಿ ಸ್ನೇಹ ಅಂತ ಹೆಸರು. ಚೆನ್ನಾಗಿರುವ ಹೆಸರು. ಕಾಗದದ ಮೇಲೆ ಯೋಜನೆಯೂ ಚೆನ್ನಾಗಿದೆ, ಗುಟ್ಟು ಕಾಪಾಡಬೇಕು, ಬೈಯಬಾರದು ಅಂತೆಲ್ಲ ಇದೆ. ನಮ್ಮಲ್ಲಿ ಆ ಕೋಣೆ ಇರುವುದು ಹಲ್ಲಿನ ಓಪಿಡಿ ಎದುರಿಗೆ. ಬೆಂಚಿನ ಮೇಲೆ ಹದಿನೈದು ಜನ ದವಡೆ ಹಿಡಿದುಕೊಂಡು ಕೂತಿರುತ್ತಾರೆ, ಅವರಿಗೆ ನೋಡಲು ಬೇರೇನೂ ಇಲ್ಲ. ಯಾರು ಆ ಬಾಗಿಲಿನೊಳಗೆ ಹೋಗುತ್ತಾರೆ? ಮೊಡವೆ ಇರುವವರು, ರಕ್ತಹೀನತೆ ಅಂತ ಸ್ಕೂಲಿನಿಂದ ಕಳಿಸಿದವರು ಹೋಗುತ್ತಾರೆ. ಅದೂ ಬೇಕಾದದ್ದೇ. ಉಳಿದವರು ರಾತ್ರಿ ನಮ್ಮ ಹತ್ತಿರ ಬರುತ್ತಾರೆ, ಹೊಟ್ಟೆ ನೋವು ಅಂತ.

ಇನ್ನು ಕಾನೂನು. ಇಲ್ಲಿ ಬಾಯಿ ಒಣಗುತ್ತದೆ.

18 ತುಂಬಿದವಳ ವಿಷಯದಲ್ಲಿ ತೊಡಕೇ ಇಲ್ಲ. ಗರ್ಭಪಾತಕ್ಕೂ ಅವಳೊಬ್ಬಳ ಒಪ್ಪಿಗೆ ಸಾಕು, ಅಪ್ಪನದ್ದೂ ಬೇಡ, ಗಂಡನದ್ದೂ ಬೇಡ. ಮದುವೆಯಾಗಿರಬೇಕು ಅಂತಲೂ ಇಲ್ಲ. ಗರ್ಭನಿರೋಧಕ ಫೇಲಾದ ಸಂದರ್ಭದ ಬಗ್ಗೆ ಹೇಳುವಾಗ ಹಳೇ ಕಾನೂನು ಗಂಡ ಅಂದಿದ್ದ ಜಾಗದಲ್ಲಿ 2021ರ ತಿದ್ದುಪಡಿ ಸಂಗಾತಿ ಅಂದಿತು. ಆದರೂ ನಮ್ಮ ಕ್ಯಾಶುವಾಲ್ಟಿಯ ಮೊದಲ ಪ್ರಶ್ನೆ ಇವತ್ತಿಗೂ "ಮದುವೆ ಆಗಿದೆಯಾ?" ಅನ್ನೋದೇ. ಆ ಪ್ರಶ್ನೆಗೆ ಇಲ್ಲ ಅಂದವಳು ಮುಂದಿನ ಯಾವ ಪ್ರಶ್ನೆಗೂ ಹೌದು ಅನ್ನುವುದಿಲ್ಲ. ಅವಳ ಜಾಗದಲ್ಲಿ ನಾನಿದ್ದರೂ ಅನ್ನುತ್ತಿರಲಿಲ್ಲ.

18ರ ಕೆಳಗಿನವಳಾದರೆ ಮಾತು ಬೇರೆ. ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ತಡೆಯುವ 2012ರ ಪೋಕ್ಸೊ ಕಾಯ್ದೆ ಪ್ರಕಾರ, ಲೈಂಗಿಕ ಸಂಬಂಧಕ್ಕೆ ಅವಳು ಕೊಟ್ಟ ಒಪ್ಪಿಗೆಗೆ ಬೆಲೆ ಇಲ್ಲ. ವಿಷಯ ಗೊತ್ತಾದ ಮೇಲೆ ಪೊಲೀಸರಿಗೆ ತಿಳಿಸದಿದ್ದರೆ ನಮಗೇ ಆರು ತಿಂಗಳವರೆಗೆ ಜೈಲು. ಮದುವೆಯಾಗಿದ್ದರೂ ಅಷ್ಟೇ, 2017ರ ಸುಪ್ರೀಂ ಕೋರ್ಟ್ ತೀರ್ಪಿನ ಮೇಲೆ ಗಂಡ ಅನ್ನುವ ವಿನಾಯಿತಿಯೂ ಹೋಯಿತು. ನಮ್ಮ ರಾಜ್ಯದ ಲೆಕ್ಕ ನೋಡಿ: 2019ರಿಂದ 21ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 20ರಿಂದ 24 ವಯಸ್ಸಿನ ಹೆಂಗಸರಲ್ಲಿ 18 ತುಂಬುವ ಮೊದಲೇ ಮದುವೆಯಾದವರು ಶೇ. 21.3. ಐದರಲ್ಲಿ ಒಬ್ಬಳಿಗಿಂತ ಜಾಸ್ತಿ. ಅವರೆಲ್ಲ ಒಂದಲ್ಲ ಒಂದು ರಾತ್ರಿ ಅತ್ತೆಯ ಜೊತೆ ಯಾವುದೋ ಕ್ಯಾಶುವಾಲ್ಟಿಗೆ ಬರುವವರೇ. ಆಧಾರ್ ಕಾರ್ಡ್ ಕೇಳಿದರೆ "ಮನೇಲಿ ಬಿಟ್ಟು ಬಂದಿದೀವಿ, ಹತ್ತೊಂಬತ್ತು ಬರ್ಕೊಳ್ಳಿ" ಅನ್ನುತ್ತಾರೆ.

ಈ ಕಾಯ್ದೆಯನ್ನು ನಾನು ಸುಮ್ಮನೆ ಬೈಯುವುದಿಲ್ಲ. ಮನೆಯವರಿಂದಲೇ ಹಾಳಾಗಿ ಬಂದ ಮಗುವಿಗೆ ಡ್ರೆಸ್ಸಿಂಗ್ ಮಾಡಿದ ಕೈ ಇದು. ಆ ಕೇಸಿನಲ್ಲಿ ನಾವು ಬಾಯಿ ಮುಚ್ಚಿಕೊಂಡಿದ್ದರೆ ಅವಳನ್ನು ಮತ್ತೆ ಅದೇ ಮನೆಗೆ ಕಳಿಸಿದ ಹಾಗಾಗುತ್ತಿತ್ತು. ಆದರೆ ಅದೇ ಕಾನೂನಿನ ಭಯಕ್ಕೆ ನಮ್ಮವರು ಕಂಡುಕೊಂಡಿರುವ ಉಪಾಯ ನೋಡಿ: ಕೇಳಲೇಬೇಡ. ಕೇಳದಿದ್ದರೆ ಗೊತ್ತಾಗುವುದಿಲ್ಲ, ಗೊತ್ತಾಗದಿದ್ದರೆ ತಿಳಿಸಬೇಕಾಗಿಲ್ಲ. ಹೀಗೆ ನಿಜವಾಗಿ ಹಿಂಸೆಗೆ ಸಿಕ್ಕವಳೂ ಗ್ಯಾಸ್ಟ್ರಿಕ್ ಮಾತ್ರೆ ಹಿಡಿದು ಮನೆಗೆ ಹೋಗುತ್ತಾಳೆ. ಕಾಪಾಡಲು ಮಾಡಿದ ಕಾನೂನು, ಅದಕ್ಕೆ ಹೆದರಿ ಕೇಳದೇ ಇರುವವರು ನಾವು.

ಕಾನೂನಿನ ಒಳಗೇ ಎಷ್ಟು ಜಾಗ ಇದೆ ಅನ್ನೋದನ್ನು ನಮಗೆ ಯಾರೂ ಓದಿ ಹೇಳಿರಲಿಲ್ಲ. 2020ರ ಪೋಕ್ಸೊ ನಿಯಮಗಳಲ್ಲಿ 6ನೇ ನಿಯಮ ಅಂತ ಒಂದಿದೆ. ಇಂಥ ಮಗು ಬಂದಾಗ ಗರ್ಭ ನಿಲ್ಲುವ ಸಾಧ್ಯತೆ ಮತ್ತು ತುರ್ತು ಗರ್ಭನಿರೋಧಕದ ಬಗ್ಗೆ ಅವಳ ಜೊತೆ, ಅವಳ ತಂದೆ ತಾಯಿ ಅಥವಾ ಅವಳು ನಂಬುವ ಇನ್ಯಾರಾದರೂ ಇದ್ದರೆ ಅವರ ಜೊತೆ ಮಾತಾಡಬೇಕು ಅಂತಲೇ ಬರೆದಿದೆ. ಚಿಕಿತ್ಸೆಗೆ ಮುಂಚೆ ಎಫ್‌ಐಆರ್ ತನ್ನಿ, ಪೊಲೀಸ್ ಪತ್ರ ತನ್ನಿ ಅನ್ನುವ ಹಾಗಿಲ್ಲ ಅಂತಲೂ ಇದೆ. 2022ರ ಸೆಪ್ಟೆಂಬರ್ 29ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಇನ್ನೊಂದು ಹೆಜ್ಜೆ ಇಟ್ಟಿತು. ಗರ್ಭಪಾತಕ್ಕೆ ಬಂದ ಅಪ್ರಾಪ್ತ ಹುಡುಗಿ ಮತ್ತು ಅವಳ ಪೋಷಕರು ಕೇಳಿಕೊಂಡರೆ, ಪೊಲೀಸರಿಗೆ ಕೊಡುವ ಮಾಹಿತಿಯಲ್ಲಿ ಡಾಕ್ಟರ್ ಅವಳ ಹೆಸರು, ವಿವರ ಹೇಳಬೇಕಾಗಿಲ್ಲ. ಆ ಪೀಠದಲ್ಲಿ ನಮ್ಮ ಕೊಡಗಿನ ಎ.ಎಸ್. ಬೋಪಣ್ಣನವರೂ ಇದ್ದರು. ತೀರ್ಪು ಬಂದು ಒಂದೂವರೆ ವರ್ಷದ ಮೇಲೆ, ಒಂದು ಟ್ರೈನಿಂಗಿನಲ್ಲಿ, ಊಟದ ನಂತರದ ಕ್ಲಾಸಿನಲ್ಲಿ, ನನಗೆ ಇದು ಗೊತ್ತಾಯಿತು. ಪಕ್ಕದವರು ತೂಕಡಿಸುತ್ತಿದ್ದರು.

ಮತ್ತೆ ಬರೀ ಮಾತಾಡುವುದಕ್ಕೆ, ಅಂದರೆ ಮಾಹಿತಿ ಕೊಡುವುದಕ್ಕೆ, ಯಾವ ಕಾಯ್ದೆಯ ಅಡ್ಡಿಯೂ ಇಲ್ಲ. ಟಿಟಿ ಇಂಜೆಕ್ಷನ್ ಹಾಕುವಾಗ ತುಕ್ಕು ಮೊಳೆ ತುಳೀಬೇಡ ಅಂತ ಹೇಳುವುದಿಲ್ಲವಾ? ಹಾಗೆ.

ಮಂಗಳೂರಿನಲ್ಲಿ ನನ್ನ ಜೊತೆ ಓದಿದವಳೊಬ್ಬಳು ಈಗ ಇಂಗ್ಲೆಂಡಿನಲ್ಲಿ ನರ್ಸ್. ಇದನ್ನೆಲ್ಲ ಹೇಳಿಕೊಂಡಾಗ ಅವಳು ಗಿಲಿಕ್ ಕೇಸಿನ ಕಥೆ ಹೇಳಿದಳು. ಅಲ್ಲೂ 1985ರವರೆಗೆ ಜಗಳ ನಡೆದಿತ್ತಂತೆ. ಐದು ಹೆಣ್ಣುಮಕ್ಕಳ ತಾಯಿಯೊಬ್ಬರು, ನನಗೆ ಹೇಳದೆ ನನ್ನ ಮಕ್ಕಳಿಗೆ ಈ ಸಲಹೆ ಕೊಡಬಾರದು ಅಂತ ಕೋರ್ಟಿಗೆ ಹೋದರು. ಹುಡುಗಿಗೆ ವಿಷಯ ಅರ್ಥ ಮಾಡಿಕೊಳ್ಳುವ ಬುದ್ಧಿ ಇದ್ದರೆ 16ರ ಒಳಗಿದ್ದರೂ ಡಾಕ್ಟರ್ ಹೇಳಬಹುದು ಅಂತ ಕೊನೆಗೆ ತೀರ್ಪಾಯಿತು. ನಮ್ಮ ಕಾನೂನು ಅದಲ್ಲ, ಅದನ್ನು ಎತ್ತಿ ತಂದು ಇಲ್ಲಿಡಿ ಅಂತ ನಾನು ಹೇಳುತ್ತಿಲ್ಲ. ಅವಳು ಹೇಳಿದ ಇನ್ನೊಂದು ಮಾತು ನನಗೆ ಹಿಡಿಸಿತು: "ನಾವು ಮೊದಲು ಅಮ್ಮನನ್ನು ಹೊರಗೆ ಕಳಿಸ್ತೀವಿ ಕಣೇ, ಯಾವ ಕಾಯಿಲೆಗೆ ಬಂದಿದ್ರೂ ಅಷ್ಟೇ. ಎಲ್ಲರಿಗೂ ಮಾಡೋದ್ರಿಂದ ಯಾರಿಗೂ ಅನುಮಾನ ಬರಲ್ಲ."

ಇದನ್ನು ನಾನು ಕದ್ದೆ. ನಮ್ಮಲ್ಲಿ ಹೊರಗೆ ಹೋಗಿ ಅಂದರೆ ಅಮ್ಮಂದಿರು ಹೋಗುವುದಿಲ್ಲ, ಪರದೆ ಪಕ್ಕದಲ್ಲೇ ನಿಲ್ಲುತ್ತಾರೆ. ಅದಕ್ಕೆ ಕೆಲಸ ಕೊಡಬೇಕು. "ಅಮ್ಮಾ, ಕೌಂಟರಿಗೆ ಹೋಗಿ ಚೀಟಿ ಮಾಡಿಸ್ಕೊಂಡು ಬನ್ನಿ" ಅಂದರೆ ಐದು ನಿಮಿಷ ಸಿಗುತ್ತದೆ. ರಾತ್ರಿ ಕೌಂಟರಿನವನು ನಿದ್ದೆ ಮಾಡುತ್ತಿದ್ದರೆ ಹತ್ತು ನಿಮಿಷ. ಅಷ್ಟರಲ್ಲಿ ನಾನು ಪ್ರಶ್ನೆ ಕೇಳುವುದಿಲ್ಲ, ಹೇಳುತ್ತೇನೆ. ನಿನ್ನ ವಯಸ್ಸಿನವರಿಗೆಲ್ಲ ಇದು ಹೇಳ್ತೀನಿ, ನಿನಗೆ ಬೇಕಾದರೆ ಇಟ್ಕೋ, ಬೇಡದಿದ್ದರೆ ಗೆಳತಿಗೆ ಹೇಳು. ಯಾರಾದರೂ ಬಲವಂತ ಮಾಡಿದ್ದರೆ ಹೇಳು, 18 ಆಗಿಲ್ಲ ಅಂದರೆ ನಾನು ಮೇಲಿನವರಿಗೆ ತಿಳಿಸಲೇಬೇಕಾಗುತ್ತದೆ, ಅದನ್ನೂ ಮೊದಲೇ ಹೇಳಿಬಿಡ್ತೀನಿ. ಆಮೇಲೆ 72 ಗಂಟೆಯ ವಿಷಯ, ನಿರೋಧ್ ವಿಷಯ, ಕಿಟ್ ಯಾಕೆ ತಾನಾಗಿ ನುಂಗಬಾರದು ಅನ್ನೋ ವಿಷಯ. ಕೆಲವರು ಗೋಡೆ ನೋಡುತ್ತಾರೆ. ಕೆಲವರು ನಗುತ್ತಾರೆ. ಒಬ್ಬಳು ಮೊಬೈಲಿನಲ್ಲಿ ಬರೆದುಕೊಂಡಳು, ಮಾತ್ರೆಯ ಹೆಸರಿನ ಬದಲು "ಸೈನ್ಸ್ ನೋಟ್ಸ್" ಅಂತ ಶೀರ್ಷಿಕೆ ಕೊಟ್ಟು.

ಬೀರುವಿನ ವಿಷಯಕ್ಕೆ ನಾಲ್ಕು ತಿಂಗಳು ಹಿಡಿಯಿತು. ಕ್ಯಾಶುವಾಲ್ಟಿಗೂ ಒಂದು ಡಬ್ಬಿ ಕೊಡಿ ಅಂತ ಇಂಡೆಂಟ್ ಹಾಕಿದೆ. "ಕ್ಯಾಶುವಾಲ್ಟಿ ಏನು ಫ್ಯಾಮಿಲಿ ಪ್ಲಾನಿಂಗ್ ಆಫೀಸಾ?" ಅಂತ ವಾಪಸ್ ಬಂತು. ಸ್ಟಾಕ್ ರಿಜಿಸ್ಟರಿನಲ್ಲಿ ಯಾರ ಹೆಸರು ಬರೆಯುವುದು, ಎಕ್ಸ್‌ಪೈರಿ ಯಾರು ನೋಡುವುದು, ಆಡಿಟ್ ಬಂದರೆ ಯಾರು ಉತ್ತರ ಕೊಡುವುದು. ಕೊನೆಗೆ ಆಪ್ತ ಸಮಾಲೋಚಕಿಯೇ ದಾರಿ ತೋರಿಸಿದರು. ತಿಂಗಳಿಗೊಮ್ಮೆ ನನ್ನ ಹೆಸರಿಗೆ ಹತ್ತು ತುರ್ತು ಮಾತ್ರೆ, ಒಂದಿಷ್ಟು ನಿರೋಧ್ ಬರೆದುಕೊಡುತ್ತಾರೆ, ಡಾಕ್ಟರ್ ಹೇಳಿದ ಮೇಲೆ ನಾನು ಕೊಡುತ್ತೇನೆ, ಲೆಕ್ಕ ಒಪ್ಪಿಸುತ್ತೇನೆ. ಡಬ್ಬಿ ಅಂದರೆ ಹಳೇ ಬಿಸ್ಕತ್ತಿನ ಟಿನ್. ಯುಪಿಟಿ ಕಾರ್ಡಿನ ಡ್ರಾಯರಿನಲ್ಲೇ ಇಟ್ಟಿದ್ದೇನೆ, ಒಂದು ತೆಗೆಯುವಾಗ ಇನ್ನೊಂದು ಕಣ್ಣಿಗೆ ಬೀಳಲಿ ಅಂತ.

ಹುಡುಗರ ವಿಷಯ ಹೇಳಲೇ ಇಲ್ಲ ಅಲ್ವಾ. ನಾವೂ ಹೇಳುವುದಿಲ್ಲ. ಬೈಕಿನಿಂದ ಬಿದ್ದು ಹೊಲಿಗೆ ಹಾಕಿಸಿಕೊಳ್ಳುವ ಹತ್ತೊಂಬತ್ತರ ಹುಡುಗನಿಗೆ ಹೆಲ್ಮೆಟ್ ಬಗ್ಗೆ ಅರ್ಧ ಗಂಟೆ ಭಾಷಣ ಮಾಡುತ್ತೇವೆ, ಕಾಂಡೋಮ್ ಬಗ್ಗೆ ಒಂದು ಮಾತಿಲ್ಲ. ನನ್ನ ಟಿನ್ನಿನಿಂದ ನಿರೋಧ್ ಕೇಳಿದ ಮೊದಲನೆಯವನು ನಮ್ಮ ಆಂಬುಲೆನ್ಸ್ ಡ್ರೈವರ್. ಅವನಿಗೆ ಮದುವೆಯಾಗಿ ಇಬ್ಬರು ಮಕ್ಕಳು. ಕೊಟ್ಟೆ.

ಕಳೆದ ಮಳೆಗಾಲದಲ್ಲಿ ಒಬ್ಬ ತಾಯಿ ಮಗಳನ್ನು ಕರೆದುಕೊಂಡು ಬಂದರು. ಮಗಳಿಗೆ 18 ತುಂಬಿ ಮೂರು ತಿಂಗಳು, ಡಿಗ್ರಿ ಮೊದಲ ವರ್ಷ. ಹೊಟ್ಟೆ ನೋವು. ಒಂದೇ ಗೆರೆ. ತಾಯಿಯನ್ನು ಚೀಟಿಗೆ ಕಳಿಸಿ ನನ್ನ ಪಾಠ ಶುರು ಮಾಡಿದೆ. ಅರ್ಧಕ್ಕೆ ಬಂದಿದ್ದೆ, ಪರದೆಯ ಕೆಳಗೆ ಎರಡು ಹವಾಯಿ ಚಪ್ಪಲಿ ಕಾಣಿಸಿತು. ಕೌಂಟರಿನವನು ಅವತ್ತು ಎದ್ದಿದ್ದ. ನನ್ನ ಎದೆ ಧಸಕ್ಕೆಂದಿತು. ಇನ್ನು ಗಲಾಟೆ, ಕಂಪ್ಲೇಂಟು, ಇನ್‌ಚಾರ್ಜ್ ಸಿಸ್ಟರ್ ಎದುರಿಗೆ ನಿಲ್ಲಬೇಕು ಅಂದುಕೊಂಡೆ. ಚಪ್ಪಲಿ ಕದಲಲಿಲ್ಲ. ನಾನು ಹೇಳಿ ಮುಗಿಸಿದೆ.

ಹುಡುಗಿ ಬಾತ್‌ರೂಮಿಗೆ ಹೋದಾಗ ಅವರು ಒಳಗೆ ಬಂದರು. ಮೂವತ್ತೇಳು ಮೂವತ್ತೆಂಟು ಇರಬಹುದು. ಹದಿನಾರಕ್ಕೆ ಮದುವೆಯಂತೆ, ಮೂರು ಹೆರಿಗೆ, ಇಪ್ಪತ್ತೆರಡಕ್ಕೆ ಆಪರೇಷನ್. "ಆಪರೇಷನ್ ಒಂದೇ ಹೇಳಿದ್ದು ಸಿಸ್ಟರ್ ನಮಗೆ. ಇವೆಲ್ಲ ಯಾರೂ ಹೇಳ್ಲಿಲ್ಲ" ಅಂದರು. ಬೈಯುವ ದನಿ ಅಲ್ಲ, ದೂರುವ ದನಿಯೂ ಅಲ್ಲ.

ನಾನು ಚೀಟಿಯ ಹಿಂದೆ ಮಾತ್ರೆಯ ಹೆಸರು ಬರೆಯಲು ಪೆನ್ನು ತೆಗೆದೆ. ಅವರು ಕೈ ಅಡ್ಡ ಇಟ್ಟರು.

"ಬರೀಬೇಡಿ. ಅವರಪ್ಪ ಚೀಟಿ ಎಲ್ಲಾ ನೋಡ್ತಾರೆ. ಬಾಯಲ್ಲಿ ಹೇಳಿ, ನಾನು ನೆನಪಿಟ್ಕೊತೀನಿ."

ಮೂರು ಸಲ ಹೇಳಿಸಿಕೊಂಡರು. 72 ಅನ್ನೋದನ್ನು ಮೂರು ಹಗಲು ಮೂರು ರಾತ್ರಿ ಅಂತ ಬೆರಳಲ್ಲಿ ಎಣಿಸಿಕೊಂಡರು. ಅಷ್ಟರಲ್ಲಿ ಬಾತ್‌ರೂಮಿನ ಚಿಲಕ ತೆಗೆದ ಸದ್ದಾಯಿತು, ತಕ್ಷಣ ದನಿ ಏರಿಸಿ, "ಹಾಗಾದ್ರೆ ಬರೀ ಗ್ಯಾಸ್ಟ್ರಿಕ್ಕು ಅಂತೀರಾ ಸಿಸ್ಟರ್?" ಅಂದರು.

ಹೂಂ ಅಮ್ಮಾ, ಖಾರ ಕಮ್ಮಿ ಮಾಡಿ ಅಂದೆ.